ಕೀಬೋರ್ಡ್‌ಗೂ ಒಂದು ದಾರಿ ಬಿಡಿ: ವಿಆರ್ ಹೆಡ್‌ಸೆಟ್ ಮಾಡುವವರಿಗೆ ಬಹಿರಂಗ ಪತ್ರ

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಕೃತಕ ಲೋಕದೊಳಗೆ ಇದ್ದಂತೆ ತೋರಿಸುವ ಸಾಧನ ತಯಾರಿಸುವ ಕಂಪನಿಗಳ ಮುಖ್ಯಸ್ಥರಿಗೆ, ಅವುಗಳ ಸಿಸ್ಟಂ ಸಾಫ್ಟ್‌ವೇರ್ ಬರೆಯುವವರಿಗೆ, ಅವುಗಳಿಗಾಗಿ ಗೇಮ್ ಮತ್ತು ಆ್ಯಪ್ ಮಾಡುವ ಎಲ್ಲ ಡೆವಲಪರ್‌ಗಳಿಗೆ,

ಮಾನ್ಯರೇ, ನಮಸ್ಕಾರ.

ನನಗೆ ಸ್ನಾಯುಗಳ ಶಕ್ತಿ ವರ್ಷದಿಂದ ವರ್ಷಕ್ಕೆ ಕುಂದುತ್ತಾ ಹೋಗುವ ಕಾಯಿಲೆ ಇದೆ. ತೋಳನ್ನು ಮೇಜಿನ ಮಟ್ಟಕ್ಕಿಂತ ಮೇಲೆ ಎತ್ತಲು ಆಗುವುದಿಲ್ಲ. ಯಾವುದೇ ವಸ್ತುವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರೆ ಸ್ವಲ್ಪ ಹೊತ್ತಿಗೇ ಕೈ ಸೋತುಹೋಗುತ್ತದೆ. ಆದರೆ ಮಣಿಕಟ್ಟನ್ನು ಮೇಜಿನ ಮೇಲೆ ಊರಿಟ್ಟರೆ ಬೆರಳುಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. ನನ್ನ ಉದ್ಯೋಗ, ಓದು, ಗೆಳೆಯರ ಜೊತೆ ಹರಟೆ, ಆಟ ಎಲ್ಲವೂ ನಡೆಯುವುದು ಕೀಬೋರ್ಡ್ ಮೇಲೆಯೇ.

ನಾನು ಹೇಳಬೇಕಾದ ದೂರು ಒಂದೇ. ಇಂದಿನ ಬಹುಪಾಲು ಹೆಡ್‌ಸೆಟ್‌ಗಳು ಕೀಬೋರ್ಡನ್ನು ಅಕ್ಷರ ಟೈಪ್ ಮಾಡಲು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತವೆ. ನಡೆಯಲು, ತಿರುಗಲು, ಆರಿಸಲು, ಹಿಡಿಯಲು ಬಿಡುವುದಿಲ್ಲ. ತೋಳು ಎತ್ತಲು ಆಗದವರಿಗೆ ಇದರಿಂದ ಇಡೀ ವಿಆರ್ ಕೈ ತಪ್ಪುತ್ತದೆ. ಹೀಗೆ ಆಗಲೇಬೇಕಿರಲಿಲ್ಲ ಅನ್ನುವುದನ್ನು ಹೇಳುವುದಕ್ಕೇ ಈ ಪತ್ರ.

ಪೆಟ್ಟಿಗೆ ಬಿಚ್ಚಿದ ದಿನ ನಡೆದದ್ದನ್ನು ಹೇಳುತ್ತೇನೆ. ಹೆಡ್‌ಸೆಟ್ ಹಾಕಿಕೊಂಡ ತಕ್ಷಣ ಕಂಡದ್ದು ಕಂಟ್ರೋಲರ್ (ಕೈಯಲ್ಲಿ ಹಿಡಿಯುವ ಬಟನ್‌ಗಳ ಸಾಧನ) ಎತ್ತಿ ಟ್ರಿಗರ್ (ಅದರ ತೋರುಬೆರಳಿನ ಬಟನ್) ಒತ್ತಿ ಅನ್ನುವ ಸೂಚನೆ. ಅದನ್ನು ದಾಟಲು ಬೇರೆ ಬಟನ್ ಇರಲಿಲ್ಲ. ಕೊನೆಗೆ ನನ್ನ ತಂಗಿ ಅದನ್ನು ತನ್ನ ತಲೆಗೆ ಹಾಕಿಕೊಂಡಳು. ವೈಫೈ ಸೇರಿಸಿದಳು, ನೆಲದ ಮಟ್ಟ ತೋರಿಸಿದಳು, ಏನಕ್ಕೂ ಡಿಕ್ಕಿ ಆಗದಂತೆ ಆಡುವ ಜಾಗದ ಸುತ್ತಲೂ ಗಡಿ ಎಳೆದಳು. ನಂತರ ನನ್ನ ತಲೆಗೆ ಹಾಕಿದಳು. ಅವಳು ನಿಂತಿದ್ದಳು, ನಾನು ಗಾಲಿಕುರ್ಚಿಯಲ್ಲಿದ್ದೆ. ಗಡಿಯನ್ನು ಮತ್ತೆ ಎಳೆಯಿರಿ ಅಂತ ಅದೇ ಪರದೆ ಮತ್ತೆ ಬಂತು. ಅದನ್ನು ಒಪ್ಪಿಸಲು ಮತ್ತೆ ಟ್ರಿಗರ್ ಬೇಕಿತ್ತು. ತಂಗಿ ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಅವಳಿಗೆ ಒಳಗೆ ಏನಿದೆ ಅಂತ ಕಾಣುವುದಿಲ್ಲ. ನನಗೆ ಕಂಟ್ರೋಲರನ್ನು ಅದರ ಕಡೆ ತಿರುಗಿಸಲು ಆಗುವುದಿಲ್ಲ. ಇನ್ನೂ ಎಡಕ್ಕೆ, ಸ್ವಲ್ಪ ಮೇಲೆ, ಹಾಂ ಈಗ ಒತ್ತು ಅಂತ ನಾನು ಹೇಳುತ್ತಾ ಇದ್ದೆ.

ಬ್ಲೂಟೂತ್ ಕೀಬೋರ್ಡ್ ಜೋಡಿಸುವ ಮೆನು ತಲುಪಲೂ ಕಂಟ್ರೋಲರ್ ಬೇಕಾಯಿತು. ಅಂದರೆ ಕಂಟ್ರೋಲರ್ ಬಳಸಲು ಆಗದವರಿಗೆ ಬೇಕಾದ ಸಾಧನವನ್ನು ಜೋಡಿಸಲು ಕಂಟ್ರೋಲರ್ ಬಳಸಲು ಗೊತ್ತಿರಬೇಕು. ಜೋಡಿಸಿದ ಮೇಲೆ ಹುಡುಕುವ ಪೆಟ್ಟಿಗೆಯಲ್ಲಿ ಅಕ್ಷರಗಳು ಚೆನ್ನಾಗಿ ಮೂಡಿದವು. ಬಾಣದ ಕೀ ಒತ್ತಿದೆ, ಏನೂ ಅಲುಗಲಿಲ್ಲ. ಟ್ಯಾಬ್ ಒತ್ತಿದೆ, ಎಂಟರ್ ಒತ್ತಿದೆ, ಎಸ್ಕೇಪ್ ಒತ್ತಿದೆ. ಮೆನು ಹಾಗೇ ನಿಂತಿತ್ತು. ಆ್ಯಪ್ ಒಂದನ್ನು ತಂಗಿಯೇ ತೆರೆದು ಕೊಟ್ಟಳು. ಅದರೊಳಗೆ ಕೀಬೋರ್ಡ್ ಇದೆ ಅನ್ನುವುದೇ ಆ್ಯಪ್‌ಗೆ ಗೊತ್ತಿರಲಿಲ್ಲ.

ಒಂದು ಕಂಟ್ರೋಲರ್ ಮನುಷ್ಯನ ಮೈಯಿಂದ ಏನೇನು ಕೇಳುತ್ತದೆ ಅಂತ ಒಮ್ಮೆ ನಿಧಾನವಾಗಿ ನೋಡಿ. ತೋಳನ್ನು ಗಾಳಿಯಲ್ಲಿ ಆಸರೆ ಇಲ್ಲದೆ ಹಿಡಿದಿರಬೇಕು. ಮಣಿಕಟ್ಟು ತಿರುಗಿಸಿ ಗುರಿ ಇಡಬೇಕು. ಗುರಿ ತಪ್ಪದಂತೆ ಕೈ ಸ್ಥಿರವಾಗಿ ಇಟ್ಟುಕೊಂಡೇ ಟ್ರಿಗರ್ ಎಳೆಯಬೇಕು. ವಸ್ತು ಹಿಡಿಯಲು ನಡುಬೆರಳಿನ ಬಟನ್ ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ವಸ್ತು ಬಿದ್ದುಹೋಗುತ್ತದೆ. ಇದೆಲ್ಲ ಎರಡೂ ಕೈಯಲ್ಲಿ, ಒಟ್ಟೊಟ್ಟಿಗೆ. ಸೆರೆಬ್ರಲ್ ಪಾಲ್ಸಿ ಇರುವವರ ಕೈ ಗುರಿಯ ಮೇಲೆ ನಿಲ್ಲುವುದಿಲ್ಲ. ಪಾರ್ಕಿನ್ಸನ್ಸ್ ಇರುವವರ ಕೈ ನಡುಗುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದ ಕೆಲವರು ತೋಳು ಎತ್ತಬಲ್ಲರು, ಆದರೆ ಬೆರಳು ಮಡಚಲಾರರು. ಪಾರ್ಶ್ವವಾಯು ಆದವರಿಗೆ ಒಂದೇ ಕೈ. ಕೀಲುನೋವು ಇರುವವರು ಎಲ್ಲವನ್ನೂ ಮಾಡಬಲ್ಲರು, ಹತ್ತು ನಿಮಿಷ ಮಾತ್ರ.

ಕೀಬೋರ್ಡ್ ಇದ್ಯಾವುದನ್ನೂ ಕೇಳುವುದಿಲ್ಲ. ಕೈಗೆ ಮೇಜಿನ ಆಸರೆ ಇರುತ್ತದೆ. ಕೀ ಒತ್ತಿದೆ ಅಥವಾ ಒತ್ತಿಲ್ಲ, ಎರಡೇ ಸ್ಥಿತಿ. ಅರ್ಧಂಬರ್ಧ ಗುರಿ ಅನ್ನುವುದೇ ಇಲ್ಲ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಕೀಬೋರ್ಡ್ ಅಂದರೆ ನೂರು ಚಿಲ್ಲರೆ ಕೀ ಇರುವ ಹಲಗೆ ಮಾತ್ರ ಅಲ್ಲ. ಅಂಗವಿಕಲರು ಬಳಸುವ ಎಷ್ಟೋ ಸಾಧನಗಳು ಕಂಪ್ಯೂಟರ್‌ಗೆ ತಮ್ಮನ್ನು ಕೀಬೋರ್ಡ್ ಎಂದೇ ಪರಿಚಯ ಮಾಡಿಕೊಳ್ಳುತ್ತವೆ. ತಲೆಯ ಪಕ್ಕ ಇಟ್ಟ ಒಂದೇ ಸ್ವಿಚ್ ಒತ್ತಿದರೆ ಕಂಪ್ಯೂಟರ್‌ಗೆ ಕಾಣುವುದು ಸ್ಪೇಸ್ ಅಥವಾ ಎಂಟರ್ ಕೀ. ಕಾಲಿನ ಪೆಡಲ್ ಹಾಗೇ. ಬಾಯಿಯಲ್ಲಿ ಊದಿ, ಎಳೆದು ನಡೆಸುವ ಕೊಳವೆಯ ಸ್ವಿಚ್ಚೂ ಹಾಗೇ. ದೊಡ್ಡ ಕೀಗಳ ಕೀಬೋರ್ಡ್, ಒಂದು ಕೈಯ ಕೀಬೋರ್ಡ್, ತಪ್ಪು ಕೀ ಒತ್ತದಂತೆ ಮೇಲೆ ತೂತುಗಳ ತಟ್ಟೆ ಕೂರಿಸಿದ ಕೀಬೋರ್ಡ್ ಎಲ್ಲವೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ನೀವು ಆ ಒಂದು ಬಾಗಿಲು ತೆರೆದರೆ ಸಾಕು. ಒಂದೊಂದು ಸಾಧನಕ್ಕೂ ಬೇರೆ ಬೇರೆ ಕೋಡ್ ಬರೆಯುವ ಕೆಲಸ ಇಲ್ಲ.

ಈ ಬಾಗಿಲಿನ ಹಿಂದೆ ಬಹಳ ವರ್ಷಗಳ ದುಡಿಮೆ ಇದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಸೆಂಟರ್‌ನಲ್ಲಿ ಸ್ಟಿಕಿ ಕೀಸ್‌ನಂತಹ ಸೌಲಭ್ಯಗಳು ರೂಪುಗೊಂಡವು. ವಿಂಡೋಸ್ 95ರ ಹೊತ್ತಿಗೆ ಅವು ವಿಂಡೋಸ್ ಒಳಗೇ ಸೇರಿದ್ದವು. ಎರಡು ಕೀ ಒಟ್ಟಿಗೆ ಒತ್ತಲು ಆಗದವರು ಒಂದಾದ ಮೇಲೆ ಒಂದು ಒತ್ತಬಹುದು. ನಡುಗುವ ಬೆರಳು ಒಂದೇ ಕೀಯನ್ನು ಮೂರು ಸಲ ತಾಕಿದರೂ ಒಂದೇ ಸಲ ಅಂತ ಎಣಿಸುವಂತೆ ಮಾಡಬಹುದು. ಇಂಥದ್ದು ವಿಆರ್ ಕಂಟ್ರೋಲರ್‌ಗೂ ಎಷ್ಟು ಬೇಕು! ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ ಅಂತ ಕೇಳುವ ಎಷ್ಟೋ ಗೇಮ್‌ಗಳಲ್ಲಿ ಅದಕ್ಕೆ ಬದಲಿ ದಾರಿಯೇ ಇಲ್ಲ.

ವೆಬ್ ಜಗತ್ತು ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದೆ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2008ರಲ್ಲಿ ತಂದ, ವೆಬ್ ಅಂಗವಿಕಲರಿಗೂ ಎಟುಕಬೇಕು ಅನ್ನುವ ಡಬ್ಲ್ಯೂಸಿಎಜಿ 2.0 ನಿಯಮಗಳಲ್ಲಿ ಪುಟದ ಎಲ್ಲ ಕೆಲಸವೂ ಕೀಬೋರ್ಡ್‌ನಿಂದ ಆಗಬೇಕು ಅನ್ನುವುದು ಮೊದಲ ಹಂತದ ಷರತ್ತು. ಕೈಬರಹದಂತೆ ಚಲನೆಯ ಹಾದಿಯೇ ಮುಖ್ಯವಾದ ಕೆಲಸಕ್ಕೆ ಮಾತ್ರ ವಿನಾಯಿತಿ. ಅದೇ ಡಬ್ಲ್ಯೂ3ಸಿ ಸಂಸ್ಥೆ 2021ರ ಆಗಸ್ಟ್‌ನಲ್ಲಿ ವಿಆರ್ ಮತ್ತು ಎಆರ್ (ನಿಜ ನೋಟದ ಮೇಲೆ ಚಿತ್ರ ಸೇರಿಸಿ ತೋರಿಸುವ ತಂತ್ರ) ಬಳಸುವ ಅಂಗವಿಕಲರ ಅಗತ್ಯಗಳ ಬಗ್ಗೆ ಒಂದು ಟಿಪ್ಪಣಿ ಹೊರಡಿಸಿತು. ನಿರ್ದಿಷ್ಟ ಅಂಗಚಲನೆ ಮಾಡದೆಯೂ ಎಲ್ಲ ಕೆಲಸ ಮಾಡುವ ದಾರಿ ಇರಬೇಕು ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ಅದು ಟಿಪ್ಪಣಿ ಮಾತ್ರ, ಕಡ್ಡಾಯ ನಿಯಮ ಅಲ್ಲ. ಆದರೆ ನಮಗೆ ಏನು ಬೇಕು ಅಂತ ಗೊತ್ತಿರಲಿಲ್ಲ ಎಂದು ಹೇಳುವ ಹಾಗಂತೂ ಇಲ್ಲ.

ತಾಂತ್ರಿಕವಾಗಿ ಕಷ್ಟ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. 2019ರ ಜುಲೈನಲ್ಲಿ ಕಂಪನಿಗಳು ಸೇರಿ ತಾಂತ್ರಿಕ ಮಾನದಂಡ ರೂಪಿಸುವ ಕ್ರೋನೋಸ್ ಒಕ್ಕೂಟ, ಆ್ಯಪ್‌ಗಳು ಬೇರೆ ಬೇರೆ ಹೆಡ್‌ಸೆಟ್‌ಗಳಲ್ಲಿ ನಡೆಯುವಂತೆ ಮಾಡುವ ಓಪನ್‌ಎಕ್ಸ್‌ಆರ್ 1.0 ಮಾನದಂಡ ಹೊರತಂದಿತು. ಅದರಲ್ಲಿ ಆ್ಯಪ್ ಇಂಥ ಬಟನ್ ಒತ್ತಲಾಯಿತೇ ಅಂತ ಕೇಳುವುದಿಲ್ಲ. ಹಿಡಿ, ಬಿಡು, ಜಿಗಿ, ಮೆನು ತೆರೆ ಅಂತ ಕ್ರಿಯೆಗಳ ಹೆಸರು ಕೊಡುತ್ತದೆ. ಯಾವ ಕ್ರಿಯೆಗೆ ಯಾವ ಬಟನ್ ಸೂಕ್ತ ಅಂತ ಸಲಹೆ ಮಾಡುತ್ತದೆ. ಕೊನೆಗೆ ಜೋಡಿಸುವುದು ಸಿಸ್ಟಂ. ಬಳಕೆದಾರರ ಅನುಕೂಲಕ್ಕೆ ತಕ್ಕಂತೆ ಈ ಜೋಡಣೆ ಬದಲಾಯಿಸುವ ಅವಕಾಶವೂ ಸಿಸ್ಟಂಗೆ ಇದೆ. ಅಂದಮೇಲೆ ಹಿಡಿ ಅನ್ನುವ ಕ್ರಿಯೆಯನ್ನು ಸ್ಪೇಸ್ ಕೀಗೆ ಜೋಡಿಸಿ ಅಂತ ಸಿಸ್ಟಂಗೆ ಹೇಳುವ ಒಂದು ಸೆಟ್ಟಿಂಗ್ ಕೊಡಲು ಏನು ಅಡ್ಡಿ?

ಹಿಂದೆ ದಾರಿ ಇತ್ತು ಅನ್ನುವುದನ್ನೂ ನೆನಪಿಸಬೇಕು. 2016ರ ಮಾರ್ಚ್‌ನಲ್ಲಿ ಆಕ್ಯುಲಸ್ ರಿಫ್ಟ್ ಹೆಡ್‌ಸೆಟ್ ಮಾರುಕಟ್ಟೆಗೆ ಬಂದಾಗ ಪೆಟ್ಟಿಗೆಯಲ್ಲಿ ಇದ್ದದ್ದು ಎಕ್ಸ್‌ಬಾಕ್ಸ್ ಗೇಮ್‌ಪ್ಯಾಡ್ ಮತ್ತು ಒಂದು ಪುಟ್ಟ ರಿಮೋಟ್. ಕೈ ಚಲನೆ ಗುರುತಿಸುವ ಟಚ್ ಕಂಟ್ರೋಲರ್ ಬಂದದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಅದರ ಗೇಮ್‌ಗಳನ್ನು ಆಡುತ್ತಿದ್ದದ್ದು ಕುಳಿತು, ಕೈ ತೊಡೆಯ ಮೇಲಿಟ್ಟು, ಬಟನ್ ಒತ್ತಿಕೊಂಡು. 2017ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಹೆಡ್‌ಸೆಟ್ ವ್ಯವಸ್ಥೆಯಾದ ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿಯಲ್ಲಿ ವಿಂಡೋಸ್ ಕೀ ಜೊತೆ ವೈ ಒತ್ತಿದರೆ ಕೀಬೋರ್ಡ್, ಮೌಸ್ ಎರಡೂ ಹೆಡ್‌ಸೆಟ್ ಒಳಗಿನ ಲೋಕಕ್ಕೆ ಬರುತ್ತಿದ್ದವು. ಆ ವ್ಯವಸ್ಥೆಯನ್ನೇ 2024ರ ವಿಂಡೋಸ್ 11 ಆವೃತ್ತಿಯಿಂದ ತೆಗೆದುಹಾಕಲಾಯಿತು. ಕೈ ಬೀಸುವ ಆಟಗಳು ಬಂದದ್ದು ಸಂತೋಷವೇ. ಅವು ಬಂದವು ಅಂತ ಹಳೆಯ ದಾರಿ ಮುಚ್ಚಬೇಕಿರಲಿಲ್ಲ.

ಡೆವಲಪರ್‌ಗಳೇ, ಇನ್ನು ಮುಂದಿನ ಮಾತು ನಿಮಗೆ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ಸಂಗತಿ ಇದು. ನೀವು ನಿಮ್ಮ ಆ್ಯಪನ್ನು ದಿನವೂ ಕೀಬೋರ್ಡ್‌ನಲ್ಲೇ ನಡೆಸುತ್ತೀರಿ. ಗೇಮ್ ತಯಾರಿಸುವ ತಂತ್ರಾಂಶ ಯೂನಿಟಿಯ ಎಕ್ಸ್‌ಆರ್ ಇಂಟರಾಕ್ಷನ್ ಟೂಲ್‌ಕಿಟ್‌ನಲ್ಲಿ ಡಿವೈಸ್ ಸಿಮ್ಯುಲೇಟರ್ ಇದೆ, ಅಂದರೆ ಹೆಡ್‌ಸೆಟ್ ಇಲ್ಲದೆ ಕಂಪ್ಯೂಟರ್‌ನಲ್ಲೇ ಅದನ್ನು ಅನುಕರಿಸುವ ಸಾಧನ. ಅದರಲ್ಲಿ ಡಬ್ಲ್ಯೂ, ಎ, ಎಸ್, ಡಿ ಒತ್ತಿ ಓಡಾಡಬಹುದು, ಕೀ ಒತ್ತಿ ಎಡಗೈ, ಬಲಗೈ ಆರಿಸಿಕೊಳ್ಳಬಹುದು, ವಸ್ತು ಹಿಡಿಯಬಹುದು. ಕ್ವೆಸ್ಟ್ ಹೆಡ್‌ಸೆಟ್ ಮಾಡುವ ಮೆಟಾ ತನ್ನದೇ ಸಿಮ್ಯುಲೇಟರ್ ಕೊಡುತ್ತದೆ. ಆಪಲ್‌ನ ವಿಷನ್ ಪ್ರೋ ಹೆಡ್‌ಸೆಟ್‌ಗೆ ಆ್ಯಪ್ ಬರೆಯುವವರಿಗೆ ಮ್ಯಾಕ್ ಪರದೆಯ ಮೇಲೆಯೇ ಸಿಮ್ಯುಲೇಟರ್ ಇದೆ. ಪ್ರತಿ ಸಣ್ಣ ಬದಲಾವಣೆಗೂ ಹೆಡ್‌ಸೆಟ್ ಹಾಕಿ ತೆಗೆಯುವುದು ಕಷ್ಟ ಅಂತ ನಿಮಗೆ ಈ ಅನುಕೂಲ ಮಾಡಿದ್ದಾರೆ. ನ್ಯಾಯವೇ. ಆದರೆ ಬಿಡುಗಡೆಯ ದಿನ ಆ ಭಾಗವನ್ನು ಕಿತ್ತು ಪಕ್ಕಕ್ಕಿಟ್ಟು, ಉಳಿದದ್ದನ್ನು ನಮಗೆ ಕೊಡುತ್ತೀರಿ. ಕೀಬೋರ್ಡ್‌ನಿಂದ ನಡೆಯುವುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ನಿಮಗೆ ಸುಸ್ತಾಗಬಾರದು ಅಂತ ಇದ್ದ ಸೌಲಭ್ಯ, ತೋಳೇ ಎತ್ತಲು ಆಗದವರಿಗೆ ಯಾಕೆ ಇಲ್ಲ?

ಸಿಮ್ಯುಲೇಟರನ್ನು ಇದ್ದ ಹಾಗೇ ಕೊಟ್ಟರೆ ಸಾಲದು, ಅದು ನನಗೂ ಗೊತ್ತು. ಮೂರು ಆಯಾಮದ ಜಾಗದಲ್ಲಿ ಕೈಯನ್ನು ಕೀ ಒತ್ತಿ ಇಂಚಿಂಚಾಗಿ ಸರಿಸುವುದು ಆಡುವವರಿಗೆ ತಲೆನೋವು. ಆದರೆ ಸರಿಸಬೇಕಾದ ಅಗತ್ಯವೇ ಇಲ್ಲ. ನೋಟದ ಮಧ್ಯೆ ಒಂದು ಚುಕ್ಕೆ ಇಡಿ. ತಲೆ ಸ್ವಲ್ಪ ತಿರುಗಿಸಬಲ್ಲವರು ಅದರಿಂದ ಗುರಿ ಇಟ್ಟು ಎಂಟರ್ ಒತ್ತುತ್ತಾರೆ. ಕುತ್ತಿಗೆಯೂ ತಿರುಗದವರಿಗೆ ಟ್ಯಾಬ್ ಕೊಡಿ. ಎದುರಿಗೆ ಒಂದು ಮೇಜು, ಅದರ ಮೇಲೆ ದೀಪ, ಬೀಗದ ಕೈ, ಪತ್ರ ಇವೆ ಅಂದುಕೊಳ್ಳಿ. ಟ್ಯಾಬ್ ಒತ್ತಿದಂತೆ ಎಡದಿಂದ ಬಲಕ್ಕೆ, ಹತ್ತಿರದ್ದು ಮೊದಲು, ಒಂದೊಂದರ ಅಂಚೂ ಬೆಳಗುತ್ತಾ ಹೋಗಲಿ. ಬೀಗದ ಕೈ ಬೆಳಗಿದಾಗ ಸ್ಪೇಸ್ ಒತ್ತಿದರೆ ಆಟದ ಕೈ ತಾನೇ ಚಾಚಿ ಅದನ್ನು ಎತ್ತಿಕೊಳ್ಳಲಿ. ಮತ್ತೆ ಟ್ಯಾಬ್, ಬಾಗಿಲು ಬೆಳಗಲಿ. ಮತ್ತೆ ಸ್ಪೇಸ್, ಬೀಗ ತೆರೆಯಲಿ. ಒತ್ತಿ ಹಿಡಿಯುವ ಬದಲು ಒಮ್ಮೆ ಒತ್ತಿದರೆ ಹಿಡಿತ, ಇನ್ನೊಮ್ಮೆ ಒತ್ತಿದರೆ ಬಿಡುಗಡೆ. ಒಗಟು ಬಿಡಿಸುವ ಸಂತೋಷ ಇದರಿಂದ ಒಂದಿಷ್ಟೂ ಕಡಿಮೆ ಆಗುವುದಿಲ್ಲ.

ಕೀಬೋರ್ಡ್ ಬಂದರೆ ಒಳಗೆ ಇದ್ದೇವೆ ಅನ್ನುವ ಅನುಭವವೇ ಹಾಳಾಗುತ್ತದೆ ಅನ್ನುವವರಿದ್ದಾರೆ. ಒಳಗೆ ಹೋಗಲು ಬಿಟ್ಟರೆ ತಾನೇ ಅನುಭವ? ಬೆಟ್ಟದ ತುದಿಯಲ್ಲಿ ನಿಂತು ಸುತ್ತ ನೋಡುವಾಗ ನನ್ನ ಬೆರಳು ಬಾಣದ ಕೀ ಮೇಲೆ ಇದೆ ಅನ್ನುವುದು ನನಗೆ ಅಡ್ಡ ಬರುವುದಿಲ್ಲ. ಕೀಬೋರ್ಡ್ ನನ್ನ ಕೈಗೆ ಅಷ್ಟು ಒಗ್ಗಿಹೋಗಿದೆ. ಗಮನ ಕೆಡಿಸುವುದು ಭುಜದ ನೋವು. ಕೀಯಿಂದ ನಡೆದರೆ ತಲೆ ಸುತ್ತುತ್ತದೆ ಅನ್ನುವ ಆಕ್ಷೇಪಕ್ಕೆ ಉತ್ತರ ನಿಮ್ಮ ಬಳಿಯೇ ಇದೆ. ಜಾಯ್‌ಸ್ಟಿಕ್‌ನಿಂದ ನಡೆದರೂ ಸುತ್ತುತ್ತದೆ ಅಲ್ವಾ? ಅದಕ್ಕೆಂದೇ ನೋಟವನ್ನು 30 ಅಥವಾ 45 ಡಿಗ್ರಿ ಒಮ್ಮೆಗೇ ತಿರುಗಿಸುವುದು, ಚಲಿಸುವಾಗ ಅಂಚುಗಳನ್ನು ಕಪ್ಪಾಗಿಸುವುದು, ನಡೆಯುವ ಬದಲು ಜಿಗಿದು ತಲುಪುವುದು ಎಲ್ಲ ಇವೆ. ಅವನ್ನೇ ಕೀಗಳಿಗೂ ಕೊಡಿ.

ಹೆಡ್‌ಸೆಟ್ ಹಾಕಿಕೊಂಡರೆ ಕೀಬೋರ್ಡ್ ಕಾಣುವುದಿಲ್ಲ ಅನ್ನುವ ತೊಂದರೆ ಮಾತ್ರ ನಿಜವಾದದ್ದು. ಎಫ್ ಮತ್ತು ಜೆ ಕೀಗಳ ಮೇಲಿನ ಸಣ್ಣ ಗೆರೆ ಹಿಡಿದು ಬೆರಳು ದಾರಿ ಹುಡುಕಿಕೊಳ್ಳುತ್ತದೆ. ಆದರೆ ಸ್ಪರ್ಶಜ್ಞಾನ ಕಡಿಮೆ ಇರುವವರಿಗೆ, ಕೈ ಒಮ್ಮೆ ಜಾರಿದರೆ ವಾಪಸ್ ಇಡಲು ಕಷ್ಟಪಡುವವರಿಗೆ ಅಷ್ಟು ಸಾಲದು. ಇದಕ್ಕೂ ಉತ್ತರ ಸಿಕ್ಕಿದೆ. 2021ರಲ್ಲೇ ಕ್ವೆಸ್ಟ್ 2ರಲ್ಲಿ ಲಾಜಿಟೆಕ್‌ನ ಕೆ830 ಕೀಬೋರ್ಡನ್ನು ಗುರುತಿಸಿ ವಿಆರ್ ಒಳಗೆ ತೋರಿಸುವ ವ್ಯವಸ್ಥೆ ಬಂತು. ಅದು ಬೆರಳೆಣಿಕೆಯ ಮಾದರಿಗಳಿಗೆ ಸೀಮಿತವಾಗಬಾರದು. ಮೇಜಿನ ಮೇಲಿನ ಒಂದು ಚೌಕವನ್ನು ಕ್ಯಾಮೆರಾ ಮೂಲಕ ಹಾಗೇ ತೋರಿಸಿದರೆ ಯಾವ ಕೀಬೋರ್ಡ್, ಯಾವ ಸ್ವಿಚ್ ಇದ್ದರೂ ಕಾಣುತ್ತದೆ. ಎಲ್ಲ ಆ್ಯಪ್‌ಗಳಲ್ಲೂ ಅದು ಕಾಣಬೇಕು.

ಕೈ ಸನ್ನೆ ಇದೆ, ಕಣ್ಣಿನ ನೋಟ ಇದೆ, ಧ್ವನಿ ಇದೆ, ಇನ್ನು ಕೀಬೋರ್ಡ್ ಯಾಕೆ ಅನ್ನಬಹುದು. ಸನ್ನೆ ಗುರುತಿಸಲು ಕೈ ಕ್ಯಾಮೆರಾಗೆ ಕಾಣಬೇಕು, ಬೆರಳುಗಳು ಮಾಮೂಲಿ ರೀತಿಯಲ್ಲಿ ಮಡಚಬೇಕು. ಕಣ್ಣು ತನ್ನಷ್ಟಕ್ಕೇ ಅದುರುವ ತೊಂದರೆ ಇರುವವರಿಗೆ ನೋಟದ ಗುರಿ ನಿಲ್ಲುವುದಿಲ್ಲ. ಮಾತು ತೊದಲುವವರಿಗೆ ಧ್ವನಿ ಆಜ್ಞೆ ಕೈಕೊಡುತ್ತದೆ. 2024ರಲ್ಲಿ ಬಂದ ಆಪಲ್ ವಿಷನ್ ಪ್ರೋ ಈ ವಿಷಯದಲ್ಲಿ ಒಳ್ಳೆಯ ಕೆಲಸ ಮಾಡಿದೆ ಅಂತ ಮನಸಾರೆ ಹೇಳುತ್ತೇನೆ. ನೋಟದ ಬದಲು ತಲೆ, ಮಣಿಕಟ್ಟು ಅಥವಾ ಬೆರಳಿನಿಂದ ಗುರಿ ಇಡಬಹುದು. ಸ್ವಿಚ್‌ನಿಂದಲೇ ಸಾಧನವನ್ನು ನಡೆಸುವ ಸ್ವಿಚ್ ಕಂಟ್ರೋಲ್ ಸೌಲಭ್ಯ ಸಿಸ್ಟಂ ಒಳಗೇ ಇದೆ. ಮನಸ್ಸು ಮಾಡಿದರೆ ಸಿಸ್ಟಂ ಮಟ್ಟದಲ್ಲೇ ಇದನ್ನು ಮಾಡಬಹುದು ಅನ್ನುವುದಕ್ಕೆ ಅದು ಸಾಕ್ಷಿ. ಪಿಸಿಯಲ್ಲಿ ವಿಆರ್ ಗೇಮ್ ನಡೆಸುವ ಸ್ಟೀಮ್‌ವಿಆರ್ ಬಳಸುವವರಿಗೆ 2020ರಿಂದ ವಾಕಿನ್‌ವಿಆರ್ ಅನ್ನುವ ತಂತ್ರಾಂಶ ಇದೆ. ಕುಳಿತಲ್ಲಿಂದಲೇ ನಡೆಯಲು, ತಿರುಗಲು, ಕೈಯ ಸ್ಥಾನ ಹೊಂದಿಸಲು ಅದು ನೆರವಾಗುತ್ತದೆ. ಹೆಡ್‌ಸೆಟ್ ಕಂಪನಿ ಅಲ್ಲದ ಒಂದು ತಂಡ ಇದನ್ನು ಹೊರಗಿನಿಂದ ಮಾಡಿ ತೋರಿಸಿದೆ. ಪಿಸಿ ಇಲ್ಲದೆ ನಡೆಯುವ ಹೆಡ್‌ಸೆಟ್‌ಗಳಲ್ಲಿ ಹೊರಗಿನವರಿಗೆ ಅಷ್ಟು ಒಳಗೆ ಕೈ ಹಾಕಲು ಅವಕಾಶ ಇಲ್ಲ. ಅಲ್ಲಿ ನೀವೇ ಮಾಡಬೇಕು.

ಇದು ಬರೀ ಆಟದ ಮಾತೂ ಅಲ್ಲ. ಶಸ್ತ್ರಚಿಕಿತ್ಸೆಯ ತರಬೇತಿ, ಕಾರ್ಖಾನೆಯ ಸುರಕ್ಷತಾ ಪಾಠ, ತರಗತಿ, ಕಚೇರಿ ಸಭೆ ಎಲ್ಲವೂ ಹೆಡ್‌ಸೆಟ್ ಒಳಗೆ ನಡೆಯುತ್ತಿವೆ. ನಾಳೆ ಒಂದು ಕೆಲಸಕ್ಕೆ ಸೇರುವಾಗ ತರಬೇತಿ ವಿಆರ್‌ನಲ್ಲಿ ಅಂದರೆ, ಕೆಲಸ ಬರುವವರೂ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಆಟವೇ ಆಗಿದ್ದರೂ ಅದು ಚಿಕ್ಕ ವಿಷಯ ಅಲ್ಲ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಮನರಂಜನೆ, ಬಿಡುವು, ಕ್ರೀಡೆಗಳಲ್ಲಿ ಸಮಾನವಾಗಿ ಪಾಲ್ಗೊಳ್ಳುವುದನ್ನೂ ಹಕ್ಕು ಅಂತಲೇ ಹೇಳುತ್ತದೆ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇದನ್ನು. ಪೆಟ್ಟಿಗೆ ಬಿಚ್ಚಿದ ಗಳಿಗೆಯಿಂದ ಮೊದಲ ಆ್ಯಪ್ ತೆರೆಯುವವರೆಗೆ ಕಂಟ್ರೋಲರ್ ಮುಟ್ಟದೆ ಹೋಗುವ ದಾರಿ ಇರಲಿ. ಯುಎಸ್‌ಬಿ ತಂತಿಯಲ್ಲಿ ಕೀಬೋರ್ಡ್ ಚುಚ್ಚಿದರೆ ಸೆಟಪ್ ಪರದೆಯೇ ಅದನ್ನು ಗುರುತಿಸಲಿ. ಗಡಿ ಎಳೆಯುವ ಬದಲು, ಕುಳಿತೇ ಇರುತ್ತೇನೆ ಅಂತ ಒಂದು ಕೀಯಲ್ಲಿ ಹೇಳುವಂತಾಗಲಿ. ನೆಲದ ಮಟ್ಟವನ್ನು ಬಾಣದ ಕೀಯಿಂದ ಏರಿಸಿ ಇಳಿಸುವಂತಾಗಲಿ. ಸಿಸ್ಟಂ ಮೆನುಗಳಲ್ಲಿ ಟ್ಯಾಬ್, ಬಾಣ, ಎಂಟರ್, ಎಸ್ಕೇಪ್ ಕೆಲಸ ಮಾಡಲಿ. ಈಗ ಯಾವುದರ ಮೇಲೆ ಇದ್ದೇನೆ ಅನ್ನುವುದು ದಪ್ಪ ಅಂಚಿನಿಂದ ಕಾಣಲಿ. ನೋಟವನ್ನು ಮಧ್ಯಕ್ಕೆ ತರುವುದಕ್ಕೆ, ಮುಖಪುಟಕ್ಕೆ ಮರಳುವುದಕ್ಕೆ ಒಂದೊಂದು ಕೀ ಮೀಸಲಿರಲಿ. ಹೆಡ್‌ಸೆಟ್ ನಿದ್ದೆಗೆ ಜಾರಿ ಎದ್ದಾಗ ಕಂಟ್ರೋಲರ್ ಎಲ್ಲಿ ಅಂತ ಕೇಳದಿರಲಿ. ಓಪನ್‌ಎಕ್ಸ್‌ಆರ್ ನೋಡಿಕೊಳ್ಳುವವರು ಕೀಬೋರ್ಡ್‌ಗೆ ಕಂಟ್ರೋಲರ್‌ಗಳಷ್ಟೇ ಸ್ಥಾನ ಕೊಡಲಿ, ಆಗ ಪ್ರತಿ ಕಂಪನಿಯೂ ತನ್ನದೇ ರೀತಿ ಮಾಡಿ ನಮ್ಮನ್ನು ಅಲೆಸುವುದು ತಪ್ಪುತ್ತದೆ.

ಆ್ಯಪ್ ಅಂಗಡಿಗಳಲ್ಲಿ ಪ್ರತಿ ಗೇಮ್ ಪಕ್ಕ ಕುಳಿತು ಆಡಬಹುದೇ, ಒಂದೇ ಕೈ ಸಾಕೇ, ಕೀಬೋರ್ಡ್‌ನಿಂದ ಪೂರ್ತಿ ಆಡಬಹುದೇ ಅಂತ ಬರೆಯಿರಿ. ಕೊಂಡ ಮೇಲೆ ಮೊದಲ ಬಾಗಿಲಿನ ಹಿಡಿಕೆಯನ್ನೇ ಎಳೆಯಲು ಆಗದೆ ಸುಮ್ನೆ ಕೂರುವುದು ಬಹಳ ಬೇಸರದ ವಿಷಯ. ಪರೀಕ್ಷೆ ಮಾಡಲು ಅಂಗವಿಕಲರನ್ನೇ ಕರೆಯಿರಿ, ವಿನ್ಯಾಸ ಶುರುವಾಗುವ ಹೊತ್ತಿಗೇ ಕರೆಯಿರಿ. ಅವರ ಸಮಯಕ್ಕೆ ತಕ್ಕ ಸಂಬಳ ಕೊಡಿ.

ನಿಮ್ಮ ಸಹಾಯ ವಿಭಾಗಕ್ಕೆ ನಾನು ಬರೆದಾಗ, ನಿಮ್ಮ ಸಲಹೆಯನ್ನು ಸಂಬಂಧಪಟ್ಟ ತಂಡಕ್ಕೆ ತಲುಪಿಸಿದ್ದೇವೆ ಅನ್ನುವ ಉತ್ತರ ಬಂದಿತ್ತು. ಆ ತಂಡದಿಂದ ಈವರೆಗೆ ಮಾತಿಲ್ಲ. ಈ ಪತ್ರಕ್ಕೆ ಬರೆಯುವ ಉತ್ತರದಲ್ಲಿ ಮೇಲೆ ಕೇಳಿದ್ದರಲ್ಲಿ ಯಾವುದನ್ನು ಮಾಡುತ್ತೀರಿ, ಯಾವ ಅಪ್‌ಡೇಟ್‌ನಲ್ಲಿ ಮಾಡುತ್ತೀರಿ, ಯಾವುದನ್ನು ಮಾಡುವುದಿಲ್ಲ, ಯಾಕೆ ಅಂತ ತಿಳಿಸಿ. ಎಲ್ಲವನ್ನೂ ಒಮ್ಮೆಗೇ ಮಾಡಲು ಆಗದಿದ್ದರೆ ಸೆಟಪ್ ಪರದೆಯಿಂದ ಶುರು ಮಾಡಿ.

ಇಂತಿ,
ಕೀಬೋರ್ಡ್ ಬಿಟ್ಟರೆ ಬೇರೆ ದಾರಿ ಇಲ್ಲದ ಒಬ್ಬ ವಿಆರ್ ಬಳಕೆದಾರ